ಮೂರು ಬೆಳಗಿನ ಮುಯ್ಯಿ

2013ನೆಯ ಇಸವಿ, ನವೆಂಬರ್ 22, ಶುಕ್ರವಾರ. ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಬಂದ ಪಗಾರದ ಪಟ್ಟಿಯ ಪ್ರಕಾರ, ಹಿಂದಿನ ವಾರ ತಿರಿಂಗೊ ದುಡಿದದ್ದು ಇಪ್ಪತ್ತೊಂಬತ್ತು ಗಂಟೆ. ದುಡಿಯಲು ಅವಳಿಗೆ ಅನುಮತಿ ಇದ್ದದ್ದು ಇಪ್ಪತ್ತು ಗಂಟೆ.

ಅಷ್ಟು ಸಣ್ಣ ಕಳೆಯುವ ಲೆಕ್ಕಕ್ಕೆ ಹತ್ತು ಬೆರಳೂ ಬೇಕಾಗುವುದಿಲ್ಲ. ಆದರೆ ಓದಲೆಂದು ವೀಸಾ ಪಡೆದು ಅಮೆರಿಕಕ್ಕೆ ಬಂದವರು, ಪಾಠ ನಡೆಯುವ ವಾರಗಳಲ್ಲಿ, ವಿಶ್ವವಿದ್ಯಾಲಯದ ಆವರಣದೊಳಗೆ ಮಾತ್ರ, ಇಪ್ಪತ್ತು ಗಂಟೆ ಮೀರದಂತೆ ಮಾತ್ರ ದುಡಿಯಬಹುದು. ಮೀರಿದರೆ ಓದುವ ಹಕ್ಕೂ ಹೋಗುತ್ತದೆ, ಇರುವ ಹಕ್ಕೂ ಹೋಗುತ್ತದೆ. ಮೀರಿದ್ದು ಎಷ್ಟು ಎಂಬುದನ್ನು ನಿಯಮ ಕೇಳುವುದಿಲ್ಲ. ಮೀರಿತೋ ಇಲ್ಲವೋ ಎಂಬುದಷ್ಟೇ ಅದರ ಪ್ರಶ್ನೆ.

ಕಚೇರಿಯ ಅಧಿಕಾರಿ ಮಾರ್ನಾ ಐವತ್ತು ದಾಟಿದ ಹೆಂಗಸು; ಧ್ವನಿ ಏರಿಸದೆ ಮಾತನಾಡುವವರು. ಹಾಳೆಯನ್ನು ತಿರಿಂಗೊಳ ಕಡೆಗೆ ತಿರುಗಿಸಿ, ಎರಡು ಸಾಲುಗಳ ಕೆಳಗೆ ಪೆನ್ನಿನ ತುದಿ ಇಟ್ಟು ತೋರಿಸಿದರು. ಮೊದಲನೆಯದು ಊಟದ ಮನೆಯ ಪಾತ್ರೆ ತೊಳೆಯುವ ಕೋಣೆ, ಇಪ್ಪತ್ತು ಗಂಟೆ. ಅದು ಸರಿ, ಅಲ್ಲಿ ಅವಳು ಒಂದೂವರೆ ವರ್ಷದಿಂದ ಇದ್ದಾಳೆ. ಎರಡನೆಯದು ಪಶು ವಿಭಾಗದ ಹಾಲಿನ ಕೊಟ್ಟಿಗೆ, ಒಂಬತ್ತು ಗಂಟೆ. ಇದು ಹೇಗೆ ಬಂತು ಎಂದು ಕೇಳಿದರು.

ತಿರಿಂಗೊ ಆ ಸಾಲನ್ನು ಎರಡು ಸಲ ಓದಿದಳು. ಅದರಲ್ಲಿ ತನ್ನ ಹೆಸರು ಇದೆಯೆಂದು ನಂಬಿಕೆಯಾಗಲು ಅಷ್ಟು ಹೊತ್ತು ಬೇಕಾಯಿತು.

“ಇದು ಕೆಲಸ ಅಲ್ಲ ಮೇಡಂ,” ಎಂದಳು. “ಇದು ನಾನು ಬೆಲೆತೆಗೋಸ್ಕರ ಹೋಗಿದ್ದು.”

ಬೆಲೆತೆ ಅವಳ ನಾಡಿನವನು. ಇಬ್ಬರೂ ಇಥಿಯೋಪಿಯಾದ ಗೊಜ್ಜಾಮ್ ಸೀಮೆಯವರು. ಅವಳ ಹಳ್ಳಿಗೂ ಅವನ ಹಳ್ಳಿಗೂ ನಡುವೆ ಒಂದು ಕಣಿವೆ, ಒಂದು ಹೊಳೆ. ಅವಳು ಬೀಜಗಳ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಳು. ಅವಳಿಗಿಂತ ಆರು ವರ್ಷ ದೊಡ್ಡವನಾದ ಅವನು ದನಗಳ ಮೇವಿನ ಮೇಲೆ ಸಂಶೋಧನೆ ಮಾಡುತ್ತ, ನಸುಕಿನಲ್ಲಿ ಹಾಲಿನ ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದ. ಹನ್ನೊಂದು ಸಾವಿರ ವಿದ್ಯಾರ್ಥಿಗಳ ಆ ವಿಶ್ವವಿದ್ಯಾಲಯದಲ್ಲಿ ಅವರ ಮಾತು ಆಡುವವರು ಅವರಿಬ್ಬರೇ. ಆದ್ದರಿಂದ ಭಾನುವಾರ ಸಂಜೆ ಹಾಸ್ಟೆಲಿನ ಅಡುಗೆಕೋಣೆಯಲ್ಲಿ ಅವಳು ಹುಳಿ ಹಿಟ್ಟಿನ, ದೋಸೆಯಂಥ ಇಂಜೆರಾ ಹುಯ್ದು, ಕಡಲೆಹಿಟ್ಟಿನ ಶಿರೊ ಕುದಿಸಿ, ಒಂದೇ ತಟ್ಟೆಯಲ್ಲಿ ಇಟ್ಟರೆ, ಎದುರು ಕೂತು ತಿನ್ನಲು ಇದ್ದದ್ದು ಒಂದೇ ಕೈ. ಆ ಕೈಯೊಡೆಯ ತಿನ್ನುತ್ತ ಸುಮ್ಮನಿರುವವನಲ್ಲ. ಪಾತ್ರೆ ತೊಳೆಯುವುದಕ್ಕೆ ನಮ್ಮೂರಲ್ಲಿ ಪದವಿ ಕೇಳುತ್ತಿರಲಿಲ್ಲ ಎಂದು ಅವಳನ್ನು ಕೆಣಕುತ್ತಿದ್ದ. ಹೊಳೆಯಾಚೆಯವರಿಗೆ ದನಗಳ ಜೊತೆ ಬಿಟ್ಟು ಬೇರೆಯವರ ಜೊತೆ ಮಾತು ಬಾರದು, ಅದಕ್ಕೇ ನಿನಗೆ ಕೊಟ್ಟಿಗೆ ಸಿಕ್ಕಿತು ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಅವನಿಗೆ ಅವಳು ತಂಗಿ. ಅವಳಿಗೆ ಅವನು ಅಣ್ಣ. ರಕ್ತದ ಸಂಬಂಧವೇನೂ ಇರಲಿಲ್ಲ. ಎಂಟು ಸಾವಿರ ಮೈಲಿ ದೂರದಲ್ಲಿ ಹೊಳೆಯ ಅಗಲ ಲೆಕ್ಕಕ್ಕೆ ಬರುವುದಿಲ್ಲ.

ನವೆಂಬರ್ 10ರ ಭಾನುವಾರ ಅವನು ಉಂಡು ಹೋದ ಮೇಲೆ ಅವಳ ಫೋನು ಬಡಿದುಕೊಂಡಿತು. ಮಾತಾಡಿದವನು ಬೆಲೆತೆಯ ಅಣ್ಣ. ಅಲ್ಲಿ ಆಗ ಸೋಮವಾರದ ಬೆಳಗು. ತಂದೆ ತೀರಿಕೊಂಡಿದ್ದರು.

ತಮ್ಮನಿಗೆ ಫೋನು ಮಾಡದೆ ಅವಳಿಗೆ ಮಾಡಿದ್ದು ಏಕೆಂದು ಅವಳು ಕೇಳಲಿಲ್ಲ. ಅವರಲ್ಲಿ ಸಾವಿನ ಸುದ್ದಿಯನ್ನು ಯಾರೂ ಒಂಟಿಯಾಗಿ ಕೇಳಬಾರದು, ಕತ್ತಲಲ್ಲಿ ಕೇಳಬಾರದು, ದೂರದ ದನಿಯಿಂದ ಕೇಳಬಾರದು. ಬೆಳಕು ಹರಿಯುವ ಹೊತ್ತಿಗೆ ನೆಂಟರು, ನೆರೆಯವರು, ಹಿರಿಯರು ಕೂಡಿ ಹೋಗುತ್ತಾರೆ. ಬಾಗಿಲು ತೆರೆದವನಿಗೆ ಅಷ್ಟು ಮುಖಗಳನ್ನು ಒಟ್ಟಿಗೆ ಕಂಡೇ ಅರ್ಥವಾಗುತ್ತದೆ. ಕುಸಿದರೆ ಹಿಡಿಯಲು ಕೈಗಳಿರುತ್ತವೆ.

“ಒಬ್ಬಳೇ ಹೋಗಬೇಡ, ತಾಯಿ,” ಎಂದಿದ್ದ ಅಣ್ಣ. “ಹಿರೀಕರು ಯಾರನ್ನಾದ್ರೂ ಕರ್ಕೊಂಡು ಹೋಗು.”

ತಿರಿಂಗೊ ಹಾಸಿಗೆಯ ಅಂಚಿನಲ್ಲಿ ಕುಳಿತು ಹಿರಿಯರಿಗಾಗಿ ಹುಡುಕಿದಳು. ಪ್ರಾಧ್ಯಾಪಕರಿದ್ದರು, ಅವರನ್ನು ಕಾಣಲು ಮೊದಲೇ ಸಮಯ ಕೇಳಿಕೊಳ್ಳಬೇಕಿತ್ತು. ಪಕ್ಕದ ಹಾಸಿಗೆಯ ಹುಡುಗಿಗೆ ಹತ್ತೊಂಬತ್ತು ವರ್ಷ. ಅವರ ಪಂಥದ ಚರ್ಚು ನಾಲ್ಕು ಗಂಟೆಯ ದಾರಿಯ ದೊಡ್ಡ ನಗರದಲ್ಲಿತ್ತು. ಊರು ತುಂಬ ಜನ. ಆದರೆ ಸುದ್ದಿ ಹೊತ್ತು ಜೊತೆಗೆ ಬನ್ನಿ ಎಂದು ಕರೆಯಬಹುದಾದ ಒಂದು ಬಾಗಿಲೂ ಅವಳಿಗೆ ತೋಚಲಿಲ್ಲ. ಕೊನೆಗೆ ನೆನಪಾದವರು ಕೊಟ್ಟಿಗೆಯ ಮೇಲ್ವಿಚಾರಕ ಆರ್ಲೆನ್. ಅವರನ್ನು ಅವಳು ಎರಡು ಸಲ ನೋಡಿದ್ದಳು, ಅಷ್ಟೇ. ಆದರೆ ಅವರ ತಲೆ ನರೆತಿತ್ತು.

ಸೋಮವಾರ ಏಳು ಗಂಟೆಗೆ ಅವಳು ಕೊಟ್ಟಿಗೆಗೆ ಹೋದಳು. ಬೆಲೆತೆಯ ಪಾಳಿ ಮುಗಿಯಲು ಅರ್ಧ ಗಂಟೆಯಿತ್ತು. ಹಾಲಿನ ತೊಟ್ಟಿಯ ಬಳಿ ನಿಂತಿದ್ದ ಆರ್ಲೆನ್ನರಿಗೆ ವಿಷಯ ಹೇಳಿದಳು. ಅವರು ಕೈಗವಸು ತೆಗೆದು, ತಾನೇನು ಮಾಡಬೇಕು ಎಂದು ಕೇಳಿದರು. ಏನೂ ಮಾಡಬೇಡಿ, ನನ್ನ ಪಕ್ಕದಲ್ಲಿ ನಿಂತಿದ್ದರೆ ಸಾಕು ಎಂದಳು. ಅವರು ಟೊಪ್ಪಿಯನ್ನೂ ತೆಗೆದರು. ಕೊನೆಯ ಹಸುವಿನ ಕೆಚ್ಚಲಿನಿಂದ ಯಂತ್ರ ಕಳಚುವವರೆಗೆ ಇಬ್ಬರೂ ಬಾಗಿಲಲ್ಲಿ ನಿಂತರು. ಬೆಲೆತೆ ತಿರುಗಿ ನೋಡಿದ. ಬರಬಾರದ ಹೊತ್ತಿನಲ್ಲಿ ಬಂದ ಹುಡುಗಿ, ಬರಿತಲೆಯಲ್ಲಿ ನಿಂತ ಮುದುಕ. ಅವಳು ಬಾಯಿ ತೆರೆಯುವ ಮೊದಲೇ ಅವನು ಗೋಡೆ ಹಿಡಿದುಕೊಂಡ.

“ಅಪ್ಪನಾ?” ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

ಊರಿಗೆ ಹೋಗಿಬರುವಷ್ಟು ಹಣವೂ ಇರಲಿಲ್ಲ, ಹೋದರೂ ಮಣ್ಣಿಗೆ ಸಿಗುತ್ತಿರಲಿಲ್ಲ. ಅವನು ತನ್ನ ಕೋಣೆಯಲ್ಲಿ ಹಾಸಿಗೆ ಬಿಟ್ಟು ನೆಲದ ಮೇಲೆ ಕುಳಿತ. ಮೂರು ದಿನ ಬಂದವರ ಎದುರು ಹಾಗೆ ಕೂರಬೇಕು; ಬರುವವರು ಒಬ್ಬಳೇ ಆದರೂ ಕೂರಬೇಕು. ಪಾತ್ರೆಯ ಪಾಳಿ ಮುಗಿಸಿ ತಿರಿಂಗೊ ಪ್ರತಿ ಸಂಜೆ ಹೋಗಿ ಎದುರು ಕುಳಿತಳು. ಆರ್ಲೆನ್ ಒಮ್ಮೆ ಬಂದರು, ಬುಧವಾರ, ಹೆಂಡತಿ ಮಾಡಿಕೊಟ್ಟ ಮಾಂಸದ ಪದಾರ್ಥ ಹಿಡಿದು. ಬುಧವಾರ ಇವರಿಗೆ ಉಪವಾಸ. ಬೆಲೆತೆ ಪಾತ್ರೆಯನ್ನು ಎರಡು ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಬದಿಗಿಟ್ಟ. ಆರ್ಲೆನ್ನರಿಗೆ ನೆಲದ ಮೇಲೆ ಕೂರಲು ಮಂಡಿ ಬಾಗುತ್ತಿರಲಿಲ್ಲ; ಕಾಲು ಗಂಟೆ ಬಾಗಿಲ ಬಳಿ ನಿಂತಿದ್ದು ಹೋದರು.

ಸಾವಾದ ಮನೆಯ ದನಗಳ ಹಾಲು ಕರೆಯುವವರು ನೆರೆಯವರು. ಅದನ್ನು ಯಾರೂ ಹೇಳಿ ಮಾಡಿಸುವುದಿಲ್ಲ. ಮಂಗಳವಾರ ನಸುಕಿನ ನಾಲ್ಕೂವರೆಗೆ ತಿರಿಂಗೊ ಕೊಟ್ಟಿಗೆಯಲ್ಲಿದ್ದಳು. ಬೆಲೆತೆಗೆ ವಾರವಿಡೀ ರಜೆ ಕೊಟ್ಟಿದ್ದೇನೆ, ಹೇಗಾದರೂ ಸಂಭಾಳಿಸುತ್ತೇನೆ ಎಂದರು ಆರ್ಲೆನ್. ಅಂದರೂ ಒಂದು ಜೊತೆ ಕೈ ಕಡಿಮೆ ಇದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಮಂಗಳವಾರ, ಬುಧವಾರ, ಗುರುವಾರ ಅವಳು ಬಂದಳು, ದಿನಕ್ಕೆ ಮೂರು ಗಂಟೆ. ಯಂತ್ರ ತೊಡಿಸುವುದನ್ನು ಅರ್ಧ ದಿನದಲ್ಲಿ ಕಲಿತಳು. ಕೆಚ್ಚಲು ಒರೆಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆ ಬೆಚ್ಚನೆಯ ಸಗಣಿಯ ವಾಸನೆಯಲ್ಲಿ, ಎರಡು ವರ್ಷಗಳಲ್ಲಿ ಮೊದಲ ಸಲ, ತಾನು ಎಲ್ಲಿದ್ದೇನೆಂಬುದನ್ನು ಮರೆತು ಅವಳು ಮೂರು ಗಂಟೆ ಕಳೆದಳು.

ಇದು ದಾನವಲ್ಲ. ಅವರ ಸೀಮೆಯಲ್ಲಿ ಇದಕ್ಕೆ ವೊನ್‌ಫೆಲ್ ಎನ್ನುತ್ತಾರೆ, ಮುಯ್ಯಾಳಿನ ಪದ್ಧತಿ. ಇಂದು ನಿನ್ನ ಹೊಲದಲ್ಲಿ ನನ್ನ ಒಂದು ದಿನ, ನಾಳೆ ನನ್ನ ಹೊಲದಲ್ಲಿ ನಿನ್ನ ಒಂದು ದಿನ. ಬರೆದಿಡುವುದಿಲ್ಲ, ನೆನಪಿಸುವುದಿಲ್ಲ, ಮರೆಯುವುದೂ ಇಲ್ಲ. ಒಬ್ಬರ ಮೇಲೊಬ್ಬರಿಗೆ ಮುಯ್ಯಿ ಉಳಿದಿರುವವರೆಗೆ ಅವರು ನೆರೆಯವರು. ಬೆಲೆತೆಯ ತಂದೆ ಕಾಲು ಮುರಿದುಕೊಂಡು ಮೂಲೆ ಹಿಡಿದ ವರ್ಷ, ಊರವರು ಅವರ ಹೊಲ ಉತ್ತುಕೊಟ್ಟು, ಇದು ಮುಯ್ಯಲ್ಲ, ಕೈಲಾಗದವನಿಗೆ ಕೊಟ್ಟದ್ದು ಎಂದರಂತೆ. ಆತ ಒಪ್ಪಲಿಲ್ಲ. ಒಂದೊಂದು ದಿನಕ್ಕೂ ಬದಲಾಗಿ ಬೆಲೆತೆಯನ್ನು ಶಾಲೆ ಬಿಡಿಸಿ ಕಳಿಸಿದರಂತೆ. ಕಳೆ ಕಿತ್ತು ಕಿತ್ತು ನನ್ನ ಏಳನೇ ಕ್ಲಾಸು ಎರಡು ವರ್ಷ ಆಯಿತು ಎಂದು ಬೆಲೆತೆ ಆ ನೆಲದ ಮೇಲೆ ಕುಳಿತು ಹೇಳಿದ್ದ. ಹೇಳುವಾಗ ಆ ಮೂರು ದಿನಗಳಲ್ಲಿ ಒಂದೇ ಒಂದು ಸಲ ನಕ್ಕಿದ್ದ.

ಗುರುವಾರ ಸಂಜೆ ಅವನು ಎದ್ದು ಮುಖ ತೊಳೆದುಕೊಂಡು ಬಂದು ಅವಳಿಗೆ ಹೇಳಿದ:

“ಮೂರು ಬೆಳಗು ನಿಂದು ನನ್ನ ಮೇಲಿದೆ, ತಂಗಿ.”

“ಇರ್ಲಿ ಬಿಡು, ಎಲ್ಲಿ ಹೋಗುತ್ತೆ,” ಎಂದಿದ್ದಳು ಅವಳು. ಅವರಲ್ಲಿ ಅದಕ್ಕೆ ಕೊಡುವ ಉತ್ತರವೇ ಅದು.

ಆರ್ಲೆನ್ ಮಾಡಿದ್ದು ಇಷ್ಟೇ. ಗುರುವಾರ ಕೊಟ್ಟಿಗೆಯ ಗಂಟೆಗಳನ್ನು ದಾಖಲಿಸುವಾಗ ಆ ಒಂಬತ್ತು ಗಂಟೆಗಳನ್ನು ಅವಳ ಹೆಸರಿಗೆ ಹಾಕಿದರು. ಅವಳು ಆಗಲೇ ವಿಶ್ವವಿದ್ಯಾಲಯದ ಪಗಾರದ ಪಟ್ಟಿಯಲ್ಲಿದ್ದಳು. ಹೆಸರು ಹುಡುಕಲು ಕಷ್ಟವಾಗಲಿಲ್ಲ. ಹುಡುಗಿ ಬಾಯಿಬಿಟ್ಟು ಕೇಳಲಿಲ್ಲ, ಆದರೂ ಸಿಗಬೇಕಾದದ್ದು ಸಿಗಲಿ ಎಂದು ಅವಳಿಗೆ ಹೇಳದೆಯೇ ಹಾಕಿದರು.

ಇಷ್ಟನ್ನೂ ತಿರಿಂಗೊ ಮಾರ್ನಾ ಅವರಿಗೆ ಹೇಳಿದಳು. ಮಾರ್ನಾ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ನಿಯಮವನ್ನು ಓದಿದರು. ಕೂಲಿಗಾಗಿ, ಅಥವಾ ಬೇರೆ ಯಾವುದೇ ಪ್ರತಿಫಲಕ್ಕಾಗಿ ಮಾಡಿದ್ದು ಉದ್ಯೋಗ. ಕೂಲಿಯನ್ನು ನೀನು ಕೇಳಿಲ್ಲ, ಅದನ್ನು ವಾಪಸು ಮಾಡಿಸಬಹುದು ಎಂದರು. ನಂತರ, ಸುಲಭವಾದ ಪ್ರಶ್ನೆಯೆಂಬಂತೆ, ಕೇಳಿದರು:

“ಹಾಗಾದ್ರೆ ಇದಕ್ಕೆ ನೀನು ಏನೂ ವಾಪಸ್ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ, ಅಲ್ವಾ?”

“ಬರುತ್ತಲ್ಲ,” ಎಂದಳು ತಿರಿಂಗೊ. “ಮೂರು ಬೆಳಗು ಅವನು ನಂಗೆ ಕೊಡಬೇಕು.”

ಮಾರ್ನಾ ಪೆನ್ನನ್ನು ಕೆಳಗಿಟ್ಟರು. ಕಿಟಕಿಯ ಕಡೆ ನೋಡಿದರು. ಹೊರಗೆ ಆ ವರ್ಷದ ಮೊದಲ ಹಿಮ ಬಿದ್ದು ಆಗಲೇ ಕೊಳಕಾಗಿತ್ತು.

“ನೀನು ಈಗ ಹೇಳಿದ್ದು ನಂಗೆ ಕೇಳಿಸಲಿಲ್ಲ,” ಎಂದರು. “ಮನೆಗೆ ಹೋಗು. ನಿನ್ನ ಭಾಷೇಲಿ ಯೋಚನೆ ಮಾಡು. ಸೋಮವಾರ ಬಾ.”

ಅವಳು ಎದ್ದು ನಿಂತ ಮೇಲೆ ಉಳಿದದ್ದನ್ನೂ ಹೇಳಿದರು. ಎರಡು ಕಾಗದ ಬೇಕು. ಒಂದರಲ್ಲಿ ಅವಳು, ತಾನು ಏನನ್ನೂ ನಿರೀಕ್ಷಿಸದೆ ಹೋದೆನೆಂದೂ, ಬೆಲೆತೆ ತನಗೆ ಏನನ್ನೂ ಕೊಡಬೇಕಾಗಿಲ್ಲವೆಂದೂ ಬರೆಯಬೇಕು. ಇನ್ನೊಂದರಲ್ಲಿ ಅವನು ಅದನ್ನೇ ಒಪ್ಪಿ ಸಹಿ ಹಾಕಬೇಕು. ಎರಡೂ ಇದ್ದರೆ ಒಂಬತ್ತು ಗಂಟೆಗಳನ್ನು ಉದ್ಯೋಗವಲ್ಲವೆಂದು ಬರೆದು ಮೇಲೆ ಕಳಿಸಬಹುದು. ಮೇಲಿನವರು ಒಪ್ಪುತ್ತಾರೆಂದು ತನಗನ್ನಿಸುತ್ತದೆ. ಇಲ್ಲದಿದ್ದರೆ ಸೋಮವಾರ ಸಂಜೆಯೊಳಗೆ ತಾನು ವರದಿ ಮಾಡಲೇಬೇಕು. ಅಲ್ಲಿಗೆ ಅವಳ ಓದು ನಿಂತಿತು.

ತಿರಿಂಗೊಳಿಗೆ ವೀಸಾವನ್ನು ಎರಡು ಸಲ ನಿರಾಕರಿಸಿ ಮೂರನೆಯ ಸಲ ಕೊಟ್ಟಿದ್ದರು. ನಾಲ್ಕನೆಯ ಸಲ ಕೊಡುವುದಿಲ್ಲವೆಂಬುದು ಅವಳಿಗೆ ಖಚಿತವಿತ್ತು. ಪದವಿಗೆ ಉಳಿದಿದ್ದದ್ದು ಒಂದು ಅವಧಿ. ಊರಿನ ಕೃಷಿ ಕಾಲೇಜಿನಲ್ಲಿ ಅವಳಿಗಾಗಿ ಒಂದು ಹುದ್ದೆ ಹಿಡಿದಿಟ್ಟಿದ್ದರು. ಪದವಿಯಿಲ್ಲದೆ ಬಂದರೆ ಅದೇ ಕಾಲೇಜಿನ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ನಿಲ್ಲಬೇಕಿತ್ತು.

ಶನಿವಾರ ಆರ್ಲೆನ್ ಊಟದ ಮನೆಯ ಹಿಂಬಾಗಿಲಿಗೆ ಬಂದರು. ಯಾರೋ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಪಾತ್ರೆಯ ಹಬೆಯಲ್ಲಿ ಅವರ ಕನ್ನಡಕ ಮಂಜಾಯಿತು, ಒರೆಸಿಕೊಳ್ಳಲಿಲ್ಲ.

“ನಮ್ಮಪ್ಪ ಸತ್ತಾಗ ಅಕ್ಕಪಕ್ಕದೋರೇ ನಮ್ಮ ಜೋಳ ಕೊಯ್ದು ಕೊಟ್ರು ಕಣಮ್ಮ. ನಂಗೇನು ಗೊತ್ತಿಲ್ವಾ,” ಎಂದರು. “ಆದ್ರೆ ಇದು ನನ್ನ ಹೊಲ ಅಲ್ಲ, ಸರ್ಕಾರದ ಕೊಟ್ಟಿಗೆ. ಇಲ್ಲಿ ಯಾರನ್ನೂ ಪುಕ್ಕಟೆ ದುಡಿಸ್ಕೋಬಾರ್ದು ಅಂತ ನಾನು ಮೂವತ್ತು ವರ್ಷದಿಂದ ಹಟ ಹಿಡ್ಕೊಂಡು ಬಂದಿದೀನಿ.”

ತಪ್ಪಿ ನಿನ್ನ ಹೆಸರು ಹಾಕಿದೆ, ಅವತ್ತು ನೀನು ಬಂದೇ ಇರಲಿಲ್ಲ ಎಂದು ಬರೆದುಕೊಡುತ್ತೇನೆ ಎಂದರು. ಹಾಗಾದರೆ ಹಸುಗಳನ್ನು ಕರೆದವರು ಯಾರು ಎಂದು ಕೇಳುತ್ತಾರೆ ಎಂದಳು ತಿರಿಂಗೊ. ಸುಳ್ಳು ಸಿಕ್ಕಿಬಿದ್ದರೆ ಅವರ ಮೂವತ್ತು ವರ್ಷವೂ ಹೋಗುತ್ತಿತ್ತು. ಬೇಡವೆಂದು ಹೇಳಿ ಕಳಿಸಿದಳು.

ಭಾನುವಾರ ಬೆಲೆತೆ ಎಂದಿನಂತೆ ಊಟಕ್ಕೆ ಬಂದ. ತಂದೆಯ ಸಾವಿನ ನಂತರ ಅವನು ಗಡ್ಡ ಬಿಟ್ಟಿದ್ದ. ಅದರಲ್ಲಿ ನಾಲ್ಕೈದು ಬಿಳಿ ಕೂದಲು ಕಾಣುತ್ತಿದ್ದವು. ತಟ್ಟೆ ಖಾಲಿಯಾಗುತ್ತ ಬಂದ ಮೇಲೆ ಅವಳು ಪಟ್ಟಿಯ ವಿಷಯ, ಇಪ್ಪತ್ತೊಂಬತ್ತರ ವಿಷಯ, ಮಾರ್ನಾ ಹೇಳಿದ ಎರಡು ಕಾಗದದ ವಿಷಯ ಎಲ್ಲವನ್ನೂ ಹೇಳಿದಳು. ಅವನು ಕೇಳುತ್ತ ಇಂಜೆರಾದ ಉಳಿದ ಅಂಚನ್ನು ಚೂರು ಚೂರು ಮಾಡುತ್ತಿದ್ದ. ತಿನ್ನಲಿಲ್ಲ.

ಆ ಗಂಟೆಗಳನ್ನು ನನ್ನ ಹೆಸರಿಗೆ ಬದಲಾಯಿಸಲಿ ಎಂದ. ಅವನು ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲವೆಂಬುದು ಇಡೀ ಹಾಸ್ಟೆಲಿಗೆ ಗೊತ್ತಿತ್ತು. ಮಾರ್ನಾ ಅವರ ಹತ್ತಿರ ನಾನೇ ಹೋಗಿ ಮುಯ್ಯಿ ಎಂದರೆ ಏನೆಂದು ಬಿಡಿಸಿ ಹೇಳುತ್ತೇನೆ ಎಂದ. ಬಿಡಿಸಿ ಹೇಳಿದಷ್ಟೂ ಅದು ಪ್ರತಿಫಲವೇ ಆಗುತ್ತದೆ ಎಂದಳು ಅವಳು. ಅವನು ಅದನ್ನು ಮನಸ್ಸಿನಲ್ಲೇ ಎರಡು ಸಲ ತಿರುವಿ ನೋಡಿ, ಹೌದೆಂದು ಒಪ್ಪಿದ. ಇಬ್ಬರೂ ಓದಿದವರು; ವಾದದಲ್ಲಿ ತೂತು ಇರಲಿಲ್ಲ.

“ಅಂದ್ರೆ ನಾನು ನಿಂಗೆ ಏನೂ ಕೊಡಬೇಕಾಗಿಲ್ಲ ಅಂತ ನೀನು ಬರೀತೀಯ,” ಎಂದ.

“ಕಾಗದಕ್ಕೆ ಬರೀತೀನಿ, ಅಣ್ಣ.”

“ಅಪ್ಪನ ಸಾವಿಗೆ ದನ ಕರೆದ ಮುಯ್ಯಿ. ಮಣ್ಣು ಮಾಡಿ ಎರಡು ವಾರ ಆಗಿಲ್ಲ.”

“ಕಾಗದಕ್ಕೆ ಮಾತ್ರ.”

“ಕಾಗದಕ್ಕೆ ಸಹಿ ಹಾಕೋದು ನಾನೇ ಅಲ್ವಾ? ಬೇರೆ ಬೆಲೆತೆ ಯಾರಾದ್ರೂ ಇದಾನಾ?”

ಅದು ಕೋಪದ ಮಾತಾಗಿರಲಿಲ್ಲ. ನಿಜವಾಗಿಯೂ ಇನ್ನೊಬ್ಬ ಇದ್ದರೆ ಅನುಕೂಲವಾಗುತ್ತಿತ್ತು ಎಂಬಂತೆ ಕೇಳಿದ. ನಿನ್ನಿಂದ ವಾಪಸು ಬೇಡ ಎಂದು ಅವರ ಊರಿನಲ್ಲಿ ಹೇಳುವುದು ಎರಡೇ ಬಗೆಯವರಿಗೆ: ಕೈಲಾಗದವರಿಗೆ, ಮತ್ತು ಯಾರ ಕೈ ತನ್ನ ಹೊಲಕ್ಕೆ ತಾಗುವುದು ಬೇಡವೋ ಅವರಿಗೆ. ತಾನು ಈ ಎರಡರಲ್ಲಿ ಯಾವುದನ್ನೂ ಹೇಳುತ್ತಿಲ್ಲ ಎಂದು ಅವಳು ಹೇಳಬೇಕೆಂದಿದ್ದಳು. ಹೇಳಿದರೆ ಆ ಎರಡೂ ಮಾತುಗಳು ಬಾಯಿಗೆ ಬಂದಂತಾಗುತ್ತಿತ್ತು.

ಅವನು ಕೈ ತೊಳೆದುಕೊಂಡು ಬಂದ. ಅವನ ಪರವಾಗಿ ಅವಳು ಬರೆದಿಟ್ಟಿದ್ದ ಹಾಳೆಯನ್ನು ಓದಿದ. ಇಂಗ್ಲಿಷಿನಲ್ಲಿ ಅದು ಮೂರು ಸಾಲು. ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದ; ಅವಳು ಬೆರಳಿಟ್ಟು ತೋರಿಸಿದಳು; ಹಾಕಿದ. ತಂದೆಯ ಹೆಸರನ್ನು ತನ್ನ ಹೆಸರಿನ ನಂತರ ಬರೆಯುವುದು ಅವರ ವಾಡಿಕೆ. ಅವನ ಪೆನ್ನು ಆ ಎರಡನೆಯ ಹೆಸರಿನ ಹತ್ತಿರ ಸ್ವಲ್ಪ ತಡೆಯಿತು, ನಂತರ ಅದನ್ನೂ ಬರೆಯಿತು.

ಬಾಗಿಲ ಬಳಿ ನಿಂತು ಶೂ ಕಟ್ಟಿಕೊಳ್ಳುತ್ತ, ತಲೆಯೆತ್ತದೆ ಹೇಳಿದ:

“ಊಟ ಚೆನ್ನಾಗಿತ್ತು. ನೀವು ಸುಮ್ನೆ ಶ್ರಮ ತಗೊಂಡ್ರಿ.”

ಎರಡು ವರ್ಷದಿಂದ ನೀನು ಎಂದವನು. ಅವರ ಭಾಷೆಯಲ್ಲೂ ಹೊರಗಿನವರಿಗೆ, ಹಿರಿಯರಿಗೆ, ಲೆಕ್ಕ ಮುಗಿಸಿಕೊಂಡವರಿಗೆ ಬಹುವಚನ. ತಿರಿಂಗೊ ತಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ತನಗೆ ತಪ್ಪಿ ಕೇಳಿಸಿತೇನೋ ಎಂದುಕೊಂಡಳು.

ತಪ್ಪಿ ಕೇಳಿಸಿರಲಿಲ್ಲ. ಸೋಮವಾರ ಎರಡೂ ಕಾಗದಗಳು ಮಾರ್ನಾ ಅವರ ಕೈ ಸೇರಿದವು. ಡಿಸೆಂಬರ್ 4ರಂದು ಉತ್ತರ ಬಂತು: ಒಂಬತ್ತು ಗಂಟೆಗಳನ್ನು ತೆಗೆದುಹಾಕಲಾಗಿದೆ, ವಿದ್ಯಾರ್ಥಿನಿಯ ಸ್ಥಿತಿಗೆ ಬಾಧೆಯಿಲ್ಲ. ಮಾರ್ನಾ ಎದ್ದು ಬಂದು ಅವಳ ಕೈ ಹಿಡಿದುಕೊಂಡು, ನಿನಗೆ ಇಲ್ಲಿ ಎಂಥ ಒಳ್ಳೆಯ ಗೆಳೆಯನಿದ್ದಾನೆ ಎಂದರು. ತಿರಿಂಗೊ ಧನ್ಯವಾದ ಹೇಳಿದಳು.

ಸಹಿ ಹಾಕಿದ ಮೇಲಿನ ಎರಡು ಭಾನುವಾರ ಬೆಲೆತೆ ಊಟಕ್ಕೆ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು ಎಂದು ಒಮ್ಮೆ ತಿಳಿಸಿದ, ಹೊಟ್ಟೆ ಸರಿಯಿಲ್ಲ ಎಂದು ಇನ್ನೊಮ್ಮೆ. ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕಾಗ ನಿಂತು, ಓದು ಹೇಗೆ ನಡೆದಿದೆ, ಮನೆಯವರೆಲ್ಲ ಕ್ಷೇಮವೇ ಎಂದು ಬಹುವಚನದಲ್ಲಿ ವಿಚಾರಿಸಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ; ಇದ್ದಿದ್ದರೆ ಅವಳು ತಿರುಗಿಸಿ ಕೊಡುತ್ತಿದ್ದಳು. ಅವಳು ನಾಲ್ಕು ಇಂಜೆರಾ ಹುಯ್ಯುವ ಕಡೆ ಎರಡು ಹುಯ್ಯತೊಡಗಿದಳು. ಹಿಟ್ಟಿನ ಅಳತೆ ಕೈಗೆ ಹತ್ತಲು ಕೆಲವು ವಾರ ಬೇಕಾಯಿತು. ಪ್ರತಿ ಸಲವೂ ಒಂದು ಹೆಚ್ಚಾಗುತ್ತಿತ್ತು.

ಪರೀಕ್ಷೆಗಳು ಮುಗಿದು ಡಿಸೆಂಬರ್ 14ರಿಂದ ಚಳಿಗಾಲದ ರಜೆ ಬಂತು. ಹಾಸ್ಟೆಲ್ ಬರಿದಾಯಿತು. ಕಾರಿಡಾರಿನ ದೀಪಗಳು ಯಾರಾದರೂ ನಡೆದರೆ ಮಾತ್ರ ಹೊತ್ತಿಕೊಳ್ಳುವಂಥವು. ಅವಳು ಬಾಗಿಲು ತೆರೆದಾಗಲೆಲ್ಲ ಕಾರಿಡಾರು ಕತ್ತಲಾಗಿರುತ್ತಿತ್ತು. ರಜೆಯಲ್ಲಿ ಇಪ್ಪತ್ತರ ಮಿತಿ ಇಲ್ಲ, ನಲವತ್ತು ಗಂಟೆ ದುಡಿಯಬಹುದು. ಊಟದ ಮನೆಯವರು ವರ್ಷಕ್ಕೊಮ್ಮೆ ಒಲೆಗಳನ್ನೂ ನೆಲವನ್ನೂ ಉಜ್ಜಿಸುವುದು ಆಗಲೇ. ಉಳಿದ ಹುಡುಗರು ಮನೆಗೆ ಹೋಗಿದ್ದರಿಂದ ಬೆಳಗಿನ ಪಾಳಿಯಲ್ಲಿ ತಿರಿಂಗೊ ಒಬ್ಬಳೇ. ಮೇಲ್ವಿಚಾರಕಿ ಹತ್ತು ಗಂಟೆಗೆ ಬರುತ್ತಿದ್ದಳು.

18ರ ಬುಧವಾರ ಬೆಳಗ್ಗೆ ಆರು ಗಂಟೆಗೆ ಹಿಂಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಬೆಲೆತೆ. ಗಡ್ಡದ ಮೇಲೆ ಹಿಮದ ಪುಡಿ. ಒಳಗೆ ಬಂದವನು ಕೋಟು ತೆಗೆದು ಮೊಳೆಗೆ ಹಾಕಿ, ಅಂಗಿಯ ತೋಳು ಮಡಚಿಕೊಂಡ.

“ಶುಕ್ರವಾರಕ್ಕೆ ಅಪ್ಪಂಗೆ ನಲವತ್ತು ದಿನ,” ಎಂದ. “ಇವತ್ತು ಮೂರು ಗಂಟೆ, ನಾಳೆ ಮೂರು, ನಾಡಿದ್ದು ಮೂರು. ನೀವು ಕೂತಿರಿ. ಎಲ್ಲಿಂದ ಉಜ್ಜಬೇಕು ಹೇಳಿ.”

ಊರಿನಿಂದ ಅಣ್ಣ ಫೋನು ಮಾಡಿದ್ದನಂತೆ. ಸತ್ತವರ ಹೆಸರಿನಲ್ಲಿ ಪಡೆದದ್ದನ್ನೆಲ್ಲ ನಲವತ್ತು ತುಂಬುವ ಮೊದಲು ತಿರುಗಿಸಿದ್ದೀಯಾ ಎಂದು ಕೇಳಿದ್ದನಂತೆ. ಊರಿನಲ್ಲಿ ಅವನೂ ತಾಯಿಯೂ ಎಲ್ಲ ಮನೆಗಳ ಮುಯ್ಯಿ ತೀರಿಸಿಯಾಗಿತ್ತು; ಹೊಳೆಯೀಚೆ ಉಳಿದದ್ದು ಇದೊಂದೇ.

ತಿರಿಂಗೊ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹತ್ತು ಗಂಟೆಯವರೆಗೆ ಯಾರೂ ಬರುವುದಿಲ್ಲ. ಮೂರು ಬೆಳಗಿಗೆ ಮೂರು ಬೆಳಗು. ಅವನು ಉಜ್ಜಿ ಮುಗಿಸಿದರೆ ಭಾನುವಾರ ತಟ್ಟೆಯ ಎದುರು ಬಂದು ಕೂರುತ್ತಾನೆ, ಹೊಳೆಯಾಚೆಯ ಮಾತು ತೆಗೆಯುತ್ತಾನೆ. ಅವಳಿಗೆ ಅದು ಎಷ್ಟು ಬೇಕಾಗಿತ್ತೆಂದರೆ, ಬಕೆಟ್ಟಿನ ಹಿಡಿಯನ್ನು ಅವನ ಕಡೆ ಚಾಚಲು ಕೈ ಅರ್ಧ ಎದ್ದಿತ್ತು.

ಆದರೆ ಏನನ್ನೂ ಪಡೆದಿಲ್ಲ, ಪಡೆಯುವುದಿಲ್ಲ ಎಂಬ ಕಾಗದ ಮಾರ್ನಾ ಅವರ ಕಪಾಟಿನಲ್ಲಿತ್ತು, ಇಬ್ಬರ ಸಹಿಯೊಂದಿಗೆ. ಅವನು ಇಲ್ಲಿ ಮೂರು ಗಂಟೆ ದುಡಿದರೆ ಅದು ಸುಳ್ಳಾಗುತ್ತದೆ. ಪುಕ್ಕಟೆ ದುಡಿಯುತ್ತಿರುವವನನ್ನು ಮೇಲ್ವಿಚಾರಕಿ ಕಂಡರೆ ಅವಳೂ ಆರ್ಲೆನ್ನರಂತೆ ನ್ಯಾಯವಂತಳಾಗಿದ್ದು ಅವನ ಹೆಸರಿಗೆ ಗಂಟೆ ಹಾಕಬಹುದು; ಆ ಪಟ್ಟಿ ಹೋಗುವುದು ಮಾರ್ನಾ ಅವರಿಗೇ. ಒಂದು ಸಲ ಒಬ್ಬಳನ್ನು ಉಳಿಸಿದ ಕಾಗದ, ಎರಡನೆಯ ಸಲ ಇಬ್ಬರನ್ನೂ ಕಳೆಯುತ್ತದೆ. ಅವನ ಸಂಶೋಧನೆ ಮುಗಿಯಲು ಎರಡು ವರ್ಷವಿತ್ತು.

ಕೈ ಇಳಿಯಿತು.

“ಬೇಡ,” ಎಂದಳು.

“ಯಾರೂ ನೋಡಲ್ಲ.”

“ನೋಡಲ್ಲ. ಆದ್ರೂ ಬೇಡ.”

ಅವನು ಒಲೆಯ ಕಡೆ, ನೆಲದ ಕಡೆ, ಸೋಪಿನ ನೀರಿನ ಕಡೆ ನೋಡಿದ. ಎಲ್ಲ ಕಣ್ಣೆದುರಿಗೇ ಇತ್ತು. ಮಾಡಿ ಮುಗಿಸಬಹುದಾದ ಕೆಲಸ.

“ಹಾಗಾದ್ರೆ ಅಣ್ಣಂಗೆ ಏನು ಹೇಳಲಿ?” ಎಂದ.

ತಿರಿಂಗೊ ಅವನನ್ನು ಕರೆಯಲು ಯಾವ ಪದ ಉಳಿದಿದೆಯೆಂದು ಹುಡುಕಿದಳು.

“ತೀರಿತು ಅಂತ ಹೇಳಿ,” ಎಂದಳು. “ನೀವು ನಂಗೆ ಏನೂ ಕೊಡಬೇಕಾಗಿಲ್ಲ.”

ಅವನು ತೋಳುಗಳನ್ನು ಕೆಳಗೆ ಬಿಟ್ಟುಕೊಂಡ, ಒಂದೊಂದಾಗಿ, ಗುಂಡಿ ಹಾಕಿ. ಕೋಟು ತೊಟ್ಟ. ಹಿರಿಯರಿಗೆ ಬಾಗುವಂತೆ ತಲೆಯನ್ನು ತುಸು ಬಾಗಿಸಿ ಹೊರಟುಹೋದ. ಬಾಗಿಲು ಹಾಕಿಕೊಂಡ ಮೇಲೆ ಅವಳು ಒಲೆಯ ಹಿಂದಿನ ಗೋಡೆಯಿಂದ ಉಜ್ಜಲು ಶುರು ಮಾಡಿದಳು. ಎಣ್ಣೆಯ ಜಿಡ್ಡು ಒಂದು ವರ್ಷದ್ದು. ಬಿಸಿನೀರು ಎರಡು ಸಲ ಬದಲಾಯಿಸಬೇಕಾಯಿತು.

ನಲವತ್ತನೆಯ ದಿನಕ್ಕೆ ಸತ್ತವರ ಮನೆಯಲ್ಲಿ ರೊಟ್ಟಿ ಮಾಡುತ್ತಾರೆ, ಕಾಫಿ ಹುರಿದು ಕುದಿಸಿ ಮೂರು ಸುತ್ತು ಕೊಡುತ್ತಾರೆ. ಕೊಡುವ ಕೊಳ್ಳುವ ನಂಟು ಇರುವವರು ಆ ದಿನ ಕರೆಯಿಲ್ಲದೆ ಹೋಗುತ್ತಾರೆ, ಹೋಗದಿದ್ದರೆ ತಪ್ಪು. ಆ ನಂಟು ಇಲ್ಲದವರು ಕರೆ ಬಂದರೆ ಹೋಗುತ್ತಾರೆ. ಕರೆಯದೆ ಹೋದರೆ ತಪ್ಪು. ಶುಕ್ರವಾರ ತಿರಿಂಗೊ ಪಾಳಿ ಮುಗಿಸಿ, ಸ್ನಾನ ಮಾಡಿ, ಊರಿನಿಂದ ತಂದಿದ್ದ ಬಿಳಿಯ ಶಾಲು ಹೊದ್ದು ಕೋಣೆಯಲ್ಲಿ ಕುಳಿತಳು. ಅವನ ಕೋಣೆ ಒಂದು ಮಹಡಿ ಮೇಲಿತ್ತು. ಸುಮಾರು ನಾಲ್ಕು ಗಂಟೆಗೆ ಕಾಫಿ ಹುರಿಯುವ ವಾಸನೆ ಮೆಟ್ಟಿಲು ಇಳಿದು ಬಂತು. ಮೊದಲ ಸುತ್ತಿನ ಕಾಫಿ ಕುದಿಯಲು ಬೇಕಾಗುವಷ್ಟು ಹೊತ್ತು ಕಾದಳು, ಎರಡನೆಯ ಸುತ್ತಿನಷ್ಟು ಹೊತ್ತು ಕಾದಳು, ಮೂರನೆಯದರಷ್ಟೂ ಕಾದಳು. ಹೊರಗೆ ಕತ್ತಲಾಯಿತು. ಕಾರಿಡಾರಿನ ದೀಪ ಹೊತ್ತಿಕೊಳ್ಳಲಿಲ್ಲ.

ಅವಳು ಶಾಲು ತೆಗೆದು ಮಡಚಿಟ್ಟಳು. ಲೆಕ್ಕ ಸರಿಯಾಗಿತ್ತು. ಆ ಊರಿನಲ್ಲಿ ಅವಳಿಗೆ ಕೊಡಬೇಕಾದವರು ಇನ್ನು ಯಾರೂ ಇರಲಿಲ್ಲ.